ಪಿಸುಮಾತು ಬಾರದವನ ಸಿಂಹದರ್ಶನ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ಲು ಬರುವುದಿಲ್ಲ. ನನಗೆ ಪಿಸುಮಾತು ಬರುವುದಿಲ್ಲ. ಹೀಗೆಂದರೆ ಜನ ನಗುತ್ತಾರೆ, ಅದರಲ್ಲಿ ಕಲಿಯುವಂಥದ್ದೇನಿದೆ ಮಹಾ ಎನ್ನುತ್ತಾರೆ. ಅವರಿಗೇನು ಗೊತ್ತು ನನ್ನ ಪಾಡು! ಶಿಗ್ಗಾವಿಯಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇದೆ. ಮದುವೆ, ಸಭೆ, ಶಾಲೆಯ ಗ್ಯಾದರಿಂಗು ಎಂದು ಮೀಸೆ ಮೂಡಿದಾಗಿನಿಂದ ಜನರೇಟರಿನ ಪಕ್ಕ ನಿಂತೇ ಮಾತಾಡಿದವನು ನಾನು. ಗಂಟಲು ಆ ಅಳತೆಗೆ ಕೂತುಬಿಟ್ಟಿದೆ. ನಮ್ಮ ಮನೆಯಲ್ಲಿ ಇವತ್ತು ಯಾವ ಪಲ್ಯ, ಅದಕ್ಕೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬುದು ಓಣಿಗೆಲ್ಲ ತಿಳಿದಿರುತ್ತದೆ. ಸತ್ತವರ ಮನೆಗೆ ಹೋಗಿ ಸಮಾಧಾನ ಹೇಳಿದರೆ, ಜಗಳಕ್ಕೆ ಬಂದಿದ್ದೇನೆಂದು ಅಕ್ಕಪಕ್ಕದವರು ಓಡಿ ಬಂದದ್ದುಂಟು. "ನಿಮಗ ಮೈಕ್ ಯಾಕ ಬೇಕ್ರಿ? ಬಾಡಿಗಿಗೆ ನೀವ ಹೋಗಿಬಿಡ್ರಿ" ಎಂದು ನನ್ನ ಹೆಂಡತಿ ಗಿರಿಜಾ ಎಷ್ಟೋ ಸಲ ಅಂದಿದ್ದಾಳೆ.

ಇಂಥ ನಾನು ಕಾಡುಪ್ರಾಣಿಗಳನ್ನು ನೋಡಲು ಹೊರಟದ್ದೇ ತಪ್ಪು. ಆದರೆ ತಪ್ಪಿನ ಮೂಲ ಗಿರಿಜಾಳ ಆಸೆಯಲ್ಲಿತ್ತು. ನಮ್ಮ ಮನೆಗೆ ಯಾವ ನೆಂಟರು ಬಂದರೂ ಗೊಟಗೋಡಿಯ ಶಿಲ್ಪವನ ತೋರಿಸಿಕೊಂಡು ಬರುವುದು ಅವಳ ಪಾಲಿನ ಕೆಲಸ. ಸಿಮೆಂಟಿನ ಎತ್ತು, ಸಿಮೆಂಟಿನ ಎಮ್ಮೆ, ಸಿಮೆಂಟಿನ ನಾಯಿ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. "ಸಾಯೂದ್ರಾಗ ಒಂದು ಸಲ ಕಣ್ಣು ಪಿಳುಕಿಸೋ ಸಿಂಹ ನೋಡಬೇಕ್ರಿ" ಎಂದು ಆಕೆ ಹೇಳಿದಾಗ ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಹಾನಗಲ್ಲಿನ ವೀರಭದ್ರಪ್ಪನವರು ನಿವೃತ್ತ ಕಂಡಕ್ಟರು. ವರ್ಷಕ್ಕೊಮ್ಮೆ ಮಿನಿಬಸ್ಸು ಮಾಡಿ, ಸುತ್ತಲಿನ ನಾಲ್ಕು ತಾಲೂಕಿನ ಪರಿಚಿತರನ್ನು ತುಂಬಿಕೊಂಡು ಯಾತ್ರೆಗೆ ಒಯ್ಯುತ್ತಾರೆ. ಈ ಸಲ ಅವರ ತಲೆಗೆ ಗುಜರಾತು ಹೊಕ್ಕಿತ್ತು. ಕಾಡುಕತ್ತೆ ಮೇಯುವ ಕಛ್‌ನ ಮರುಭೂಮಿ, ಹಕ್ಕಿ ಬಂದಿಳಿಯುವ ಜೌಗು ಕೆರೆ, ಕೊನೆಗೆ ಗಿರ್ ಕಾಡಿನ ಸಿಂಹ. ಹೋಗಿಬರುವುದೆಲ್ಲ ಬಸ್ಸಿನಲ್ಲೇ. ನಮ್ಮ ಓಣಿಯವರು "ಅಲ್ಲಿ ಯಾವ ದೇವರ ಗುಡಿ ಐತ್ರಿ?" ಎಂದು ಕೇಳಿದರು. "ಗುಡಿ ನೋಡಾಕ ಹೊಂಟಿಲ್ರಿ, ಕತ್ತಿ ನೋಡಾಕ ಹೊಂಟೇವಿ, ಕಾಡುಕತ್ತಿ" ಎಂದೆ. ರೊಕ್ಕ ಕೊಟ್ಟು ಕತ್ತೆ ನೋಡಲು ಹೋಗುವವನನ್ನು ಅವರು ಮರುಕದಿಂದ ನೋಡಿದರು.

ಬಸ್ಸು ಹಿರೇಕೆರೂರಿನಲ್ಲಿ ಬೀಜದ ವ್ಯಾಪಾರಿ ದಂಪತಿಯನ್ನು ಹತ್ತಿಸಿಕೊಂಡು, ಹಾನಗಲ್, ಶಿಗ್ಗಾವಿ ಮುಗಿಸಿ, ಸವಣೂರಿನಲ್ಲಿ ಖಾದರ್ ಸಾಹೇಬರನ್ನು ಕೂಡಿಸಿಕೊಂಡಿತು. ಖಾದರ್ ಸಾಹೇಬರದು ಎಲೆತೋಟ. ಅವರು ಬಟ್ಟೆಬರೆಯ ಚೀಲವನ್ನು ಮರೆತು ಬಂದಿದ್ದರು, ವೀಳ್ಯದೆಲೆಯ ಕಟ್ಟನ್ನು ಮರೆತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಕಟ್ಟಿಗೆ ಕಿಟಕಿಯ ಪಕ್ಕದ ಸೀಟು, ಸಾಹೇಬರಿಗೆ ಅದರ ಮಗ್ಗುಲಿನದು. ಜೊತೆಗೆ ಸವಣೂರಿನ ಖಾರದ ಡಬ್ಬಿ, ಎಲ್ಲರ ಮನೆಯ ಕಟಕರೊಟ್ಟಿ, ಶೇಂಗಾಹಿಂಡಿ. ಬೀಜದ ವ್ಯಾಪಾರಿ ದಾರಿಯುದ್ದಕ್ಕೂ ಮಣ್ಣು ನೋಡಿ "ಇಲ್ಲಿ ಹತ್ತಿ ಬರ್ತೈತಿ, ಇಲ್ಲಿ ಗೋವಿನಜೋಳ" ಎಂದು ಹೇಳುತ್ತ ಬಂದರು. ಕಛ್‌ನ ಉಪ್ಪಿನ ಬಯಲು ಕಂಡಾಗ "ಇಲ್ಲಿ ಏನೂ ಬರಂಗಿಲ್ಲ" ಎಂದು ಮನೆಯವರೇ ತೀರಿಹೋದಂತೆ ನಿಟ್ಟುಸಿರು ಬಿಟ್ಟರು.

ಆ ಬಯಲಲ್ಲೇ ನನ್ನ ಮೊದಲ ಅಪರಾಧ ನಡೆಯಿತು. ದೂರದಲ್ಲಿ ಕಾಡುಕತ್ತೆಗಳ ಹಿಂಡು ಮೇಯುತ್ತಿತ್ತು. ಬಿಸಿಲಿಗೆ ಅವು ನೀರಿನಲ್ಲಿ ನಿಂತಂತೆ ಕಾಣುತ್ತಿದ್ದವು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ನನ್ನ ಕೈಯಲ್ಲಿ ಚಹಾದ ಕಪ್ಪಿತ್ತು, ರೊಟ್ಟಿಯ ಚೂರಿತ್ತು. ಅಷ್ಟರಲ್ಲಿ ಒಂಟೆ ಹೊಡೆದುಕೊಂಡು ಯಾರೋ ಒಬ್ಬ ಕಾಣಿಸಿಕೊಂಡ. ನಮ್ಮ ಕಡೆ ಬಾಯಿಗೆ ಏನಾದರೂ ಹಾಕುವಾಗ ಎದುರು ಮನುಷ್ಯ ಕಂಡರೆ ಕರೆಯದೆ ಇರುವುದುಂಟೆ? ಕೈಯೆತ್ತಿ "ಬರ್ರೀ, ಚಾ ಕುಡಿಯೂಣು" ಎಂದೆ. ಆ ಬಯಲಿನಲ್ಲಿ ಮಾತನ್ನು ತಡೆಯಲು ಒಂದು ಗಿಡವೂ ಇರಲಿಲ್ಲ. ಒಂಟೆಯವನು ಬಂದ. ಕತ್ತೆಗಳು ಹೋದವು, ಹಿಂದೆ ಬರೀ ಧೂಳು ಉಳಿಯಿತು. ಗಿರಿಜಾ ಒಂಟೆಯವನಿಗೆ ಚಹಾ ಕೊಟ್ಟಳು, ನನಗೆ ಎರಡನೇ ಕಪ್ಪು ಕೊಡಲಿಲ್ಲ.

ಎರಡನೆಯದು ಜೌಗಿನಲ್ಲಿ. ನಸುಕಿನಲ್ಲಿ ದೋಣಿ ಹತ್ತಿ ಹೋದಾಗ ನೀರಿನ ತುಂಬ ಗುಲಾಬಿ ಬಣ್ಣದ ಹಕ್ಕಿಗಳು. ಈ ಸಲ ನಾನು ಬಹಳ ಎಚ್ಚರದಿಂದ, ಕೈ ಅಡ್ಡ ಹಿಡಿದು, ಗಿರಿಜಾಳ ಕಿವಿಯಲ್ಲಿ ಮಾತ್ರ, "ಇವು ಹಾನಗಲ್ ಕೆರಿಯಾಗೂ ಬರ್ತಾವಲ್ಲ?" ಎಂದು ಕೇಳಿದೆ. ಉತ್ತರ ಬೇರೆ ದೋಣಿಯಿಂದ ವೀರಭದ್ರಪ್ಪ ಕೊಟ್ಟರು: "ಅವು ಬ್ಯಾರೆ ಅದಾವೋ ಮಾರಾಯಾ." ಅಷ್ಟರಲ್ಲಿ ಕೆರೆಗೆ ಕೆರೆಯೇ ಎದ್ದು ಹಾರಿತ್ತು. ಹಾರುವಾಗಿನ ನೋಟವೂ ಚೆಂದವಿತ್ತೆಂದು ನಾನು ಸಮರ್ಥಿಸಿಕೊಂಡೆ. ಗಿರಿಜಾ ದೋಣಿಯ ಇನ್ನೊಂದು ತುದಿಗೆ ಸರಿದು ಕೂತಳು.

ಗಿರ್ ತಲುಪಿದ ದಿನ ಬಸ್ಸಿನಲ್ಲೇ ಪಂಚಾಯ್ತಿ ಕೂತಿತು. ಕಾಡಿನೊಳಗೆ ಹೋಗಲು ನಮಗೆ ಸಿಕ್ಕಿದ್ದು ಒಂದೇ ಸರತಿ. ಮರುದಿನ ಮುಂಜಾನೆ ಸಿಂಹ ಕಂಡರೆ ಕಂಡಿತು, ಇಲ್ಲದಿದ್ದರೆ ಬಸ್ಸು ಶಿಗ್ಗಾವಿಯ ಕಡೆ ತಿರುಗುವುದು. ನನ್ನನ್ನು ಲಾಡ್ಜಿನಲ್ಲಿ ಬಿಟ್ಟು ಹೋಗಬೇಕೆಂದು ವೀರಭದ್ರಪ್ಪ ಸೂಚಿಸಿದರು, ಬೀಜದ ವ್ಯಾಪಾರಿ ಅನುಮೋದಿಸಿದರು. ನಾನು ಗಿರಿಜಾಳ ಮುಖ ನೋಡಿದೆ. ಆಕೆ ಬೇಡವೆನ್ನಲೂ ಇಲ್ಲ, ಬರಲಿ ಎನ್ನಲೂ ಇಲ್ಲ, ಸೆರಗಿನ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಬಹಳ ನೋವಾಯಿತು. ಆಗ ಖಾದರ್ ಸಾಹೇಬರು, "ಬಿಟ್ಟು ಹೋಗೂದು ಬ್ಯಾಡ್ರಿ. ನಮ್ಮೂರಾಗ ಪಂಚಾಯ್ತಿಗೆ ಕುಂತಾಗ ಭಾಳ ಮಾತಾಡೋರಿಗೆ ಮೊದಲ ಎಲಿ ಮಡಚಿ ಕೊಡ್ತೇವಿ. ಬಾಯಿ ತುಂಬಿದ ಮ್ಯಾಲೆ ಹೂಂ ಅನ್ನೂದು ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ಜವಾಬ್ದಾರಿ ನಂದು" ಎಂದರು.

ಹಾಗೆ ಮರುದಿನ ನಸುಕಿನಲ್ಲಿ ಸಾಹೇಬರು ತಮ್ಮ ಕೈಯಾರೆ ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು, ಒಂದರ ಮೇಲೊಂದು ಮಡಚಿ ನನ್ನ ಎರಡೂ ದವಡೆಗೆ ತುಂಬಿದರು. ಕಾಡಿನ ಬಾಗಿಲಲ್ಲಿ ಖಾಕಿ ಬಟ್ಟೆಯ ಗೈಡ್ ಹುಡುಗಿ ಚೀಲಗಳನ್ನೆಲ್ಲ ತಪಾಸಣೆ ಮಾಡಿದಳು, ನನ್ನ ಗಲ್ಲವನ್ನು ಮಾಡಲಿಲ್ಲ. ಸದ್ದು ಮಾಡಬಾರದು, ಕಸ ಎಸೆಯಬಾರದು, ಉಗುಳಬಾರದು ಎಂದು ಹಿಂದಿಯಲ್ಲಿ ಹೇಳಿದಳು. ಕೊನೆಯದನ್ನು ಕೇಳಿ ನನಗೆ ಗಾಬರಿಯಾಯಿತು, ಆದರೆ ಹೂಂ ಎಂದೆ.

ಜೀಪು ತೇಗದ ಮರಗಳ ನಡುವೆ ಬಹಳ ಹೊತ್ತು ಅಲೆಯಿತು. ಜಿಂಕೆ ಕಂಡವು, ನವಿಲು ಕಂಡವು. ನವಿಲು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ಕೇಳಬೇಕೆನಿಸಿತು, ಆಗಲಿಲ್ಲ. ಮರಳುವ ಹೊತ್ತು ಹತ್ತಿರ ಬಂದಂತೆ ಗಿರಿಜಾಳ ಮುಖ ಸಣ್ಣದಾಗುತ್ತ ಬಂತು. ಗೈಡ್ ಹುಡುಗಿ ಜೀಪು ನಿಲ್ಲಿಸಿ ಎಡಕ್ಕೆ, ಹಳ್ಳದ ಮಣ್ಣಿನಲ್ಲಿ ಮೂಡಿದ ಹೆಜ್ಜೆ ಗುರುತು ತೋರಿಸಿದಳು. ಎಲ್ಲರೂ ಎಡಕ್ಕೆ ಬಾಗಿದರು. ನನಗೆ ಬಾಗಿದರೆ ರಸ ಸೋರುವ ಭಯ, ಹಾಗಾಗಿ ಬಲಕ್ಕೆ ತಿರುಗಿ ಕೂತಿದ್ದೆ. ಅಲ್ಲಿ ಉದುರಿದ ತೇಗದ ಎಲೆಗಳ ಒಂದು ರಾಶಿ ಬಿದ್ದಿತ್ತು. ರಾಶಿ ಕಣ್ಣು ಪಿಳುಕಿಸಿತು.

ನನ್ನ ಎದೆ ಬಾಯಿಗೆ ಬಂತು, ಆದರೆ ಬಾಯಲ್ಲಿ ಜಾಗವಿರಲಿಲ್ಲ. ಗಿರಿಜಾಳ ಭುಜ ತಟ್ಟಿದೆ. ಆಕೆ ತಿರುಗದೆಯೇ ನನ್ನ ಕೈ ಸರಿಸಿ "ಸುಮ್ಮನ ಕುಂಡ್ರಿ" ಎಂದಳು. ಮತ್ತೆ ತಟ್ಟಿದೆ. ಚಿವುಟಿದಳು. ಉಗುಳುವಂತಿಲ್ಲ. ಬಾಯಿಬಿಟ್ಟರೆ ಮುಂದೆ ಅವಳ ಹೊಸ ಇಳಕಲ್ ಸೀರೆ. ಸಿಂಹ ನನ್ನನ್ನೇ ನೋಡುತ್ತಿತ್ತು, ಅದಕ್ಕೂ ಬೇಸರ ಬರತೊಡಗಿದಂತಿತ್ತು, ಏಳಲು ಮುಂಗಾಲು ಊರಿತು. ಇನ್ನೇನು ಹೋಗಿಬಿಡುತ್ತದೆ, ಈಕೆ ಮತ್ತೆ ಜೀವಮಾನವಿಡೀ ಸಿಮೆಂಟಿನ ಎತ್ತುಗಳನ್ನೇ ನೋಡಬೇಕು ಅನ್ನಿಸಿ, ಕಣ್ಣು ಮುಚ್ಚಿ ಅಷ್ಟನ್ನೂ ನುಂಗಿಬಿಟ್ಟೆ. ಎಲೆ, ಅಡಿಕೆ, ಸುಣ್ಣ, ಸಾಹೇಬರ ಜವಾಬ್ದಾರಿ, ಎಲ್ಲವೂ ಒಟ್ಟಿಗೆ ಇಳಿಯಿತು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಒದರಬೇಕೆಂದು ಬಾಯಿ ತೆರೆದರೆ ದನಿಯೇ ಇಲ್ಲ. ಬರೀ ಗಾಳಿಯಂತೆ "ಗಿರಿಜಾ" ಎಂದು ಬಂತು.

ಆಕೆ ಥಟ್ಟನೆ ತಿರುಗಿದಳು. ನನ್ನನ್ನು ನೋಡಿದಳು, ನಾನು ನೋಡುತ್ತಿದ್ದ ಕಡೆ ನೋಡಿದಳು. ಸಿಂಹ ಅವಳಿಗಾಗಿ ಇನ್ನೊಮ್ಮೆ ಕಣ್ಣು ಪಿಳುಕಿಸಿತು. ಆಕೆ ನನ್ನ ಮಣಿಕಟ್ಟನ್ನು ಬಳೆ ಒತ್ತುವಂತೆ ಹಿಡಿದುಕೊಂಡಳು. ಉಳಿದವರು ತಿರುಗುವಷ್ಟರಲ್ಲಿ ಅದು ಎದ್ದು ಮೈಮುರಿದು ಗಿಡಗಳ ಒಳಗೆ ಹೋಯಿತು. ವೀರಭದ್ರಪ್ಪನವರಿಗೆ ಕಂಡದ್ದು ಬಾಲ ಮಾತ್ರ. ಈಗ ಹಾನಗಲ್ಲಿನಲ್ಲಿ ಅವರು ಇಡೀ ಸಿಂಹವನ್ನು ವರ್ಣಿಸುತ್ತಿದ್ದಾರೆಂದು ಕೇಳಿದ್ದೇನೆ.

ಹೊರಗೆ ಬಂದು ಮಜ್ಜಿಗೆ ಕುಡಿಸುತ್ತ ಗಿರಿಜಾ ನಕ್ಕಳು. "ಖರೇ ಹೇಳ್ತೇನಿ ಕೇಳ್ರಿ, ನಾ ಸಿಂಹ ನೋಡಾಕ ತಿರುಗಿದ್ದಲ್ಲ. ಲಗ್ನ ಆದಾಗಿಂದ 'ಏ, ಕೇಳಿಲ್ಲಿ' ಅಂತ ಒದರೂದ ಕೇಳೇನಿ. ಇಷ್ಟು ಮೆಲ್ಲಕ ಹೆಸರು ಹಿಡದು ಕರದವ್ರು ಯಾರಪ್ಪಾ, ಜೀಪಿನಾಗ ಬ್ಯಾರೆ ಯಾರರ ಅದಾರೇನು ಅಂತ ತಿರುಗಿದೆ" ಎಂದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಇನ್ನು ಮುಂದೆ ಈಕೆಯನ್ನು ಹೀಗೆಯೇ ಕರೆಯಬೇಕೆಂದು ಮಜ್ಜಿಗೆಯ ಲೋಟ ಹಿಡಿದೇ ನಿಶ್ಚಯಿಸಿದೆ.

ಊರಿಗೆ ಬಂದು ಗಂಟಲು ಸರಿಹೋದ ಮೇಲೆ ಒಂದು ಸಂಜೆ ಪಡಸಾಲೆಯಲ್ಲಿ ಕೂತು, ಉಸಿರನ್ನೆಲ್ಲ ಹಿಡಿತದಲ್ಲಿಟ್ಟುಕೊಂಡು, "ಗಿರಿಜಾ, ಒಂದೀಟು ಚಾ ಮಾಡ್ತೀಯೇನು?" ಎಂದೆ. ಎಂಥ ನಯವಾದ ದನಿ! ನನಗೇ ನಂಬಿಕೆಯಾಗಲಿಲ್ಲ. ಉತ್ತರ ಬರಲಿಲ್ಲ. ಮತ್ತೆ ಹಾಗೆಯೇ ಕರೆದೆ. ಒಳಗಿನಿಂದ ಆಕೆ, "ಏನ್ ಗುಣುಗುಣು ಹಚ್ಚೀರಿ? ಮಿಕ್ಸಿ ನಡಸಾಕತ್ತೇನಿ, ಜೋರಾಗಿ ಒದರ್ರಿ" ಎಂದಳು.

ಒದರಿದೆ. ಚಹಾ ಬಂತು. ಎದುರು ಮನೆಯಿಂದಲೂ ಒಂದು ಕಪ್ಪು ಬಂತು.