ಸೊಟ್ಟ ಗೀರಿಗೂ ಒಬ್ಬ ಗಿರಾಕಿ

ಯಜಮಾನರು: ಇದೇನು, ಗೀರಾ? ಇಲ್ಲಾ, ತಗಡಿನ ಮೇಲೆ ಕೋಳಿ ಏನಾದ್ರೂ ಕೆದಕಿ ಹೋಯ್ತಾ?

ಶಿಷ್ಯ: ಗೀರೇ ಯಜಮಾನ್ರೇ. ಕೋಳಿ ಆಗಿದ್ರೆ ಇನ್ನೂ ಸ್ವಲ್ಪ ನೇರ ಇರ್ತಿತ್ತು.

ಲೋಹದ ಮೇಲೆ ಅಕ್ಷರ, ಬಳ್ಳಿ ಕೆತ್ತಿದ ಮೇಲೆ ಅವುಗಳ ಮಗ್ಗುಲಿಗೆ ಅಂದಕ್ಕೆಂದು ಹಾಕುವ ಪುಟ್ಟ ಗೀರುಗಳವು. ಉಳಿ ತೆಳ್ಳಗೆ ಹೊಕ್ಕು, ಆಳಕ್ಕಿಳಿದು, ಚಿಮ್ಮಿ ಹೊರಬರಬೇಕು. ಶಿಷ್ಯನ ಉಳಿ ಹೊಗುವುದೇನೋ ಹೊಗುತ್ತಿತ್ತು, ಆಮೇಲೆ ಅದರಿಷ್ಟ. ತಾಮ್ರದ ಮೇಲೆ ಒಂದು ಸಾಲಾದರೂ ಅಚ್ಚುಕಟ್ಟಾಗಿ ಬಂದರೆ ಬೆಳ್ಳಿಯ ಕೆಲಸ ಕೊಡುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದರು. ಕೊಟ್ಟೇಬಿಟ್ಟರು ಎಂದು ಶಿಷ್ಯ ಮನೆಯಲ್ಲಿ ಹೇಳಿಯಾಗಿತ್ತು. ಅವನ ಅಮ್ಮ ಬೀದಿಗೆಲ್ಲ ಹೇಳಿಯಾಗಿತ್ತು.

ಎದುರಂಗಡಿಯ ದರ್ಜಿಯಮ್ಮ ಒಳಗೆ ಬಂದವರೇ ತಗಡನ್ನು ಎತ್ತಿ ನೋಡಿದರು.

ದರ್ಜಿಯಮ್ಮ: ಅಯ್ಯೋ, ಎಷ್ಟು ಚೆನ್ನಾಗಿದೆ! ನನ್ನ ಅಂಗಡಿ ಹೆಸರಿನ ಫಲಕಕ್ಕೆ ಸುತ್ತ ಇದನ್ನೇ ಹಾಕ್ಕೊಡಿ.

ಯಜಮಾನರು: ಕನ್ನಡಕ ಮರೆತು ಬಂದ್ರೇನಮ್ಮಾ?

ದರ್ಜಿಯಮ್ಮ: ಮೂಗಿನ ಮೇಲೇ ಇದೆ. ಹೊಲಿಗೆ ಕಲಿಯೋಕೆ ಬರೋ ಹುಡುಗೀರು ಮೊದಲ ಹೊಲಿಗೆ ಸೊಟ್ಟ ಹೋದ್ರೆ ಅಳ್ತಾ ಕೂರ್ತಾರೆ. ಇದನ್ನ ಗೋಡೆಗೆ ಹಾಕಿದ್ರೆ, ‘ನೋಡ್ರೇ, ಅಷ್ಟು ನುರಿತವರ ಅಂಗಡೀಲಿ ಮಾಡಿಸಿದ್ದೂ ಹೀಗೇ ಇದೆ’ ಅಂತ ಸಮಾಧಾನ ಹೇಳಬಹುದು.

ಯಜಮಾನರು: ಅಂದ್ರೆ ನನ್ನ ಮಾನ ನಿಮ್ಮ ಗೋಡೆ ಮೇಲೆ ನೇತಾಡ್ಬೇಕು!

ದರ್ಜಿಯಮ್ಮ: ಮೊಳೆ ನಂದೇ ಬಿಡಿ.

ಶಿಷ್ಯ: ಅಕ್ಕಾ, ಹೊಗಳ್ತಿದ್ದೀರೋ, ಉಗೀತಿದ್ದೀರೋ?

ದರ್ಜಿಯಮ್ಮ: ಆರ್ಡರ್ ಕೊಡ್ತಿದ್ದೀನಿ ತಮ್ಮಾ. ಸಂಜೆಗೆ ಬೇಕು. ಒಂದೂ ನೇರ ಇರಬಾರದು, ನೋಡು ಮತ್ತೆ!

ಅವರು ಹೋದರು. ಶಿಷ್ಯನ ಎದೆಯುಬ್ಬಿತು. ಹುಟ್ಟಿದಾಗಿನಿಂದ ಅವನ ಯೋಗ್ಯತೆಗೆ ಇಷ್ಟು ಒಪ್ಪುವ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಹೊಸ ತಗಡು ಹಿಡಿದು, ಯಾವ ಅಂಜಿಕೆಯೂ ಇಲ್ಲದೆ, ಸಿಳ್ಳೆ ಹಾಕುತ್ತ ಗೀರಿದ. ಸಿಳ್ಳೆ ಅರ್ಧಕ್ಕೇ ನಿಂತಿತು.

ಶಿಷ್ಯ: ಯಜಮಾನ್ರೇ, ಎಡವಟ್ಟಾಯ್ತು.

ಯಜಮಾನರು: ಬೇಕಾಗಿರೋದೇ ಎಡವಟ್ಟು. ಅದರಲ್ಲೂ ಏನೋ ಎಡವಟ್ಟು?

ಶಿಷ್ಯ: ಎಲ್ಲಾ ನೇರವಾಗಿ ಬಂದುಬಿಟ್ಟಿದೆ.

ಯಜಮಾನರು ಭೂತಗನ್ನಡಿ ಹಿಡಿದರು. ಗೀರುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು.

ಯಜಮಾನರು: ನೇರ ಗೀರೋ ಅಂದ್ರೆ ಸೊಟ್ಟ, ಸೊಟ್ಟ ಗೀರೋ ಅಂದ್ರೆ ನೇರ! ನಿನ್ನ ಹೆತ್ತವರಿಗೆ ದೊಡ್ಡ ನಮಸ್ಕಾರ ಕಣಪ್ಪಾ. ತಗೋ, ಆಡಿದ ಮಾತು ತಪ್ಪಲ್ಲ ನಾನು.

ಬೆಳ್ಳಿಯ ಬಟ್ಟಲು ಶಿಷ್ಯನ ಕೈಗೆ ಬಂತು. ಬಂದದ್ದೇ ತಡ, ಕೈ ಗಡಗಡ ನಡುಗತೊಡಗಿತು.

ಶಿಷ್ಯ: ಯಜಮಾನ್ರೇ... ಮತ್ತೆ ಸೊಟ್ಟ ಬರೋ ಹಾಗಿದೆ.

ಯಜಮಾನರು: ಸದ್ಯ! ಬಟ್ಟಲನ್ನ ಹಾಗೇ ಕಣ್ಣೆದುರು ಇಟ್ಕೋ. ಆ ನಡುಕ ಇಳಿಯೋದ್ರೊಳಗೆ ದರ್ಜಿಯಮ್ಮನ ತಗಡು ಮುಗಿಸಿಬಿಡು!