ಮೂರೂರಿನ ಒಂದು ಮೀಟರ್

ಎಲ್ಲ ರಗಳೆಗೂ ಮೂಲ ಒಂದು ಮೀಟರ್ ಜಾಗ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಈ ಮೂರೂ ಊರಿಗೆ ಮನೆ ಕಟ್ಟುವ ನಿಯಮ ಒಂದೇ ಇರಲಿ ಎಂದು ಮೇಲಿನವರಿಗೆ ಎರಡು ವರ್ಷದ ಹಿಂದೆ ಅನ್ನಿಸಿತ್ತು. ಅನ್ನಿಸಿದ್ದೇ ತಡ, ಗಿರಿಸೀಮೆ ಏಕರೂಪ ಕಟ್ಟಡ ನಿಯಮ ಸಮನ್ವಯ ಸಮಿತಿ ಎಂದೊಂದು ಹುಟ್ಟಿತು. ಊರಿಗೊಬ್ಬರಂತೆ ಮೂವರು ಸದಸ್ಯರಾದರು. ನಲವತ್ತು ಪುಟದ ಕರಡೂ ಬಂತು. ಅದರಲ್ಲಿ ಮೂವತ್ತೊಂಬತ್ತು ಪುಟದ ಬಗ್ಗೆ ಯಾರದೂ ತಕರಾರಿರಲಿಲ್ಲ, ಯಾಕೆಂದರೆ ಅವನ್ನು ಯಾರೂ ಓದಿರಲಿಲ್ಲ. ಹನ್ನೊಂದನೆಯ ಪುಟದಲ್ಲಿ ಮಾತ್ರ, ಮನೆಯ ಸುತ್ತ ಒಂದು ಮೀಟರ್ ಜಾಗ ಬಿಡತಕ್ಕದ್ದು ಎಂದಿತ್ತು. ಎಲ್ಲಿಂದ ಅಳೆಯಬೇಕೆಂದು ಬರೆಯಲು ಬರೆದವರು ಮರೆತಿದ್ದರು.

ಈ ಸಮಿತಿಯ ಕಾರ್ಯದರ್ಶಿ ಯಜ್ಞನಾರಾಯಣ. ಕಳಸದಲ್ಲಿ ಕಿರಿಯ ಇಂಜಿನಿಯರ್. ಅವನ ಹೆಂಡತಿ ಗಾನಶ್ರೀ ಚಿಕ್ಕಮಗಳೂರಿನಲ್ಲಿ ಟೀಚರ್. ಒಂದನೇ ಕ್ಲಾಸಿನ ಮಗಳು ಪಂಚಮಿ ತಾಯಿಯ ಜೊತೆ ಇದ್ದಳು. ಐದು ವರ್ಷದಿಂದ ಅವನು ಶನಿವಾರ ಸಂಜೆಯ ಬಸ್ಸಿಗೆ ಹೊರಟು ಮನೆ ಸೇರುವುದು, ಸೋಮವಾರ ಬೆಳಕು ಹರಿಯುವ ಮುಂಚೆ ವಾಪಸು. ಪಂಚಮಿ ಅವನನ್ನು ಕರೆಯುತ್ತಿದ್ದುದೇ ಶನಿವಾರದ ಅಪ್ಪ ಎಂದು. ಬೇರೆಯವರ ಮನೆಯಲ್ಲಿ ಅಪ್ಪ ಬುಧವಾರವೂ ಇರುತ್ತಾನೆಂದು ಶಾಲೆಗೆ ಸೇರಿದ ಮೇಲೆ ತಿಳಿದು ಅವಳಿಗೆ ಬಹಳ ಆಶ್ಚರ್ಯವಾಗಿತ್ತು. ಗಾನಶ್ರೀ ಇದನ್ನು ತಮಾಷೆಯೆಂದು ಹೇಳಿದ ದಿನ ಯಜ್ಞನಾರಾಯಣ ಊಟ ಅರ್ಧಕ್ಕೇ ಬಿಟ್ಟು ಎದ್ದು, ವರ್ಗಾವಣೆಯ ಅರ್ಜಿ ಬರೆಯಲು ಕೂತ.

ವರ್ಗಾವಣೆಗೆ ಅವನು ಹಾಕಿದ ಅರ್ಜಿಗಳು ಒಂಬತ್ತು. ಕೊನೆಗೆ ಅವನ ಮೇಲಧಿಕಾರಿ ಶಶಿಧರ್ ಸಾಹೇಬರು ಒಂದು ದಾರಿ ತೋರಿಸಿದರು. ಕರಡಿಗೆ ಮೂರೂ ಊರಿನವರ ಸಹಿ ಹಾಕಿಸಿ ಶುಕ್ರವಾರ ಸಂಜೆ ಐದರೊಳಗೆ ಕಳಿಸಿದರೆ ಸಮನ್ವಯಕ್ಕೆಂದು ಒಂದು ಮುಖ್ಯ ಕಚೇರಿ ಮಂಜೂರಾಗುತ್ತದೆ. ಕಳಿಸದಿದ್ದರೆ ಕರಡು ವಾಪಸು, ಕಚೇರಿಯೂ ಇಲ್ಲ.

"ಮುಖ್ಯ ಕಚೇರಿಗೆ ನಿಮ್ಮನ್ನೇ ಹಾಕ್ತೀನಿ ಯಜ್ಞನಾರಾಯಣ್. ನನ್ನ ಮಾತು ಅಂದ್ರೆ ಮಾತು," ಎಂದಿದ್ದರು.

ಆ ಕಚೇರಿಗೆ ಚಿಕ್ಕಮಗಳೂರಿನಲ್ಲಿ ಅವರ ಕೋಣೆಯ ಮೇಲಿನ ಮಹಡಿಯನ್ನು ಗುಡಿಸಿಯೂ ಆಗಿತ್ತು. ಅಲ್ಲಿಂದ ಗಾನಶ್ರೀಯ ಮನೆಗೆ ನಡೆದರೆ ಹನ್ನೆರಡು ನಿಮಿಷ. ಯಜ್ಞನಾರಾಯಣ ಇದನ್ನು ಎರಡು ಸಲ ನಡೆದು ನೋಡಿದ್ದ. ಸಾಹೇಬರ ಮಾತಿನ ಮೇಲೆ ಅವನಿಗೆ ಎಷ್ಟು ನಂಬಿಕೆಯೆಂದರೆ, ಆ ಶುಕ್ರವಾರ ಬೆಳಿಗ್ಗೆ ಕಳಸದ ಬಾಡಿಗೆ ಕೋಣೆಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ, ಹಾಸಿಗೆ, ಗ್ಯಾಸ್ ಒಲೆ, ಎರಡು ಪಾತ್ರೆ, ಒಂದು ಕುರ್ಚಿಯನ್ನು ಚಿಕ್ಕಮಗಳೂರಿಗೆ ಹೋಗುವ ತರಕಾರಿ ಗಾಡಿಗೆ ಹೇರಿಸಿಬಿಟ್ಟ.

ಸಮಿತಿ ಅದಾಗಲೇ ಏಳು ಸಲ ಸೇರಿತ್ತು. ಪ್ರತಿ ಸಭೆಯೂ ಮುಂದಿನ ಸಭೆ ಯಾರ ಊರಿನಲ್ಲಿ ಎಂಬ ಜಗಳದಲ್ಲಿ ಮುಗಿದಿತ್ತು. ಈ ಸಲದ್ದು ಬಣಕಲ್ ಹತ್ತಿರ ಪರಮೇಶ್ವರಪ್ಪನವರ ಎಸ್ಟೇಟಿನಲ್ಲಿ. ಅವರು ಮೂಡಿಗೆರೆ ಕಡೆಯ ಸದಸ್ಯರು. ಫೆಬ್ರವರಿ ತಿಂಗಳು, ಕಣದ ತುಂಬ ಒಣಗಲು ಕಾಫಿ ಹರವಿದೆ, ಸ್ವತಃ ಮುಖ್ಯಮಂತ್ರಿ ಕರೆದರೂ ಕಣ ಬಿಟ್ಟು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಕಣದ ಎದುರಿನ ಜಗಲಿಯಲ್ಲೇ ಕುರ್ಚಿ ಹಾಕಿಸಿದ್ದಾಯಿತು.

ಕಳಸದಲ್ಲಿ ಹೋಂಸ್ಟೇ ನಡೆಸುವ ಸುಭದ್ರಮ್ಮನವರ ಜೀಪಿನಲ್ಲೇ ಯಜ್ಞನಾರಾಯಣ ಬಂದಿಳಿದ. ಅವರು ಕಳಸದ ಸದಸ್ಯೆ. ಚಿಕ್ಕಮಗಳೂರಿನ ಸದಸ್ಯೆ, ನಿವೃತ್ತ ಹೆಡ್‌ಮಿಸ್ ಶಾಂತಕುಮಾರಿ ಮೇಡಂ ಮುಂಚೆಯೇ ಬಂದು, ಕೈಯಲ್ಲಿ ಕೆಂಪು ಪೆನ್ನು ಹಿಡಿದು, ಹತ್ತು ನಿಮಿಷ ತಡವಾದದ್ದಕ್ಕೆ ಕಾರಣ ಕೇಳಿದರು. ಯಜ್ಞನಾರಾಯಣ ಎದ್ದು ನಿಂತು ಉತ್ತರ ಕೊಟ್ಟ.

ಸುಭದ್ರಮ್ಮನವರ ವಾದ ಸರಳ. ಮಲೆನಾಡಿನಲ್ಲಿ ಮನೆ ಎಂದರೆ ಗೋಡೆಯಲ್ಲ, ಸೂರು. ಗೋಡೆಯಿಂದ ಒಂದು ಮೀಟರ್ ಬಿಟ್ಟು ಒಂದೂಕಾಲು ಮೀಟರ್ ಸೂರು ಚಾಚಿದರೆ, ಮನೆ ನಿಮ್ಮದು, ಅದರ ನೀರು ಪಕ್ಕದವರದು. ಅವರ ನೆರೆಯವನು ಇದನ್ನೇ ಮಾಡಿದ್ದ. ಮಳೆಗಾಲ ಪೂರ್ತಿ ಆ ನೀರು ಹೋಂಸ್ಟೇಗೆ ಬಂದವರ ಕಾರಿನ ಮೇಲೆಯೇ ಬೀಳುತ್ತಿತ್ತು.

"ನೀರು ಎಲ್ಲಿ ಬೀಳ್ತದೋ ಅಲ್ಲಿಂದ ಅಳೀಬೇಕು ಯಜ್ಞಣ್ಣ. ಗೋಡೆ ಎಂತ ಮಾಡ್ತದೆ? ಅದು ಪಾಪ ಸುಮ್ನೆ ನಿಂತಿರ್ತದೆ," ಎಂದರು.

ಪರಮೇಶ್ವರಪ್ಪನವರಿಗೆ ಮೀಟರೇ ಬೇಡ. ಹೋದ ವರ್ಷ ಅವರು ಒಂದು ಮದುವೆಯ ಕರೆಯೋಲೆ ಕೊಡಲು ಮೂಡಿಗೆರೆಯ ಯಾವುದೋ ಓಣಿಗೆ ನುಗ್ಗಿ, ಅರ್ಧ ಗಂಟೆ ರಿವರ್ಸ್ ತೆಗೆದು, ನಾಲ್ಕು ಹೂಕುಂಡ ಮತ್ತು ಒಂದು ತುಳಸಿಕಟ್ಟೆಯನ್ನು ಕೆಡವಿ ಹೊರಬಂದಿದ್ದರು. ಅಂದಿನಿಂದ ಅವರ ಅಳತೆ ಒಂದೇ: ಮನೆಯ ಮುಂದೆ ಪಿಕಪ್ ಗಾಡಿ ಒಂದೇ ಸಲಕ್ಕೆ ತಿರುಗಬೇಕು.

ಶಾಂತಕುಮಾರಿ ಮೇಡಂ ಅವರದು ಬೇರೆಯೇ ನೋವು. ಮೂವತ್ತು ವರ್ಷ ಅವರ ಅಡುಗೆಮನೆ ಕಿಟಕಿಯಿಂದ ಮುಳ್ಳಯ್ಯನಗಿರಿ ಕಾಣುತ್ತಿತ್ತು. ಎದುರು ಮನೆಯವರು ತಾರಸಿ ಸೋರುತ್ತದೆಂದು ಅದರ ಮೇಲೆ ನೀಲಿ ಶೀಟು ಹಾಕಿಸಿದರು. ಮಾರನೆಯ ದಿನ ದೋಸೆ ಹುಯ್ಯುತ್ತಾ ತಲೆಯೆತ್ತಿದರೆ ಬೆಟ್ಟ ಇಲ್ಲ, ಶೀಟು ಇದೆ. ಆದ್ದರಿಂದ ತಾರಸಿಯ ಮೇಲೆ ಶೀಟು ಕೂಡದು, ಯಾರ ಅಡುಗೆಮನೆಗೂ ಗುಡ್ಡ ಮರೆಯಾಗಕೂಡದು. ಇದನ್ನು ಹೇಳುತ್ತಾ ಅವರು ಕೆಂಪು ಪೆನ್ನಿನಲ್ಲಿ ಬೆಟ್ಟದ ಚಿತ್ರ ಬರೆದು ತೋರಿಸಿದರು. ಉಳಿದಿಬ್ಬರು ಅಯ್ಯೋ ಪಾಪ ಎಂದು, ಆಮೇಲೆ ಶೀಟಿಲ್ಲದೆ ಈ ಸೀಮೆಯಲ್ಲಿ ಬದುಕಲು ಸಾಧ್ಯವೇ ಎಂದು ಒಟ್ಟಿಗೇ ಕೇಳಿದರು.

ಹೀಗೆ ಒಬ್ಬೊಬ್ಬರೂ ಇನ್ನಿಬ್ಬರ ಷರತ್ತು ಹುಚ್ಚು ಎಂದು ಸಾಧಿಸುವುದರಲ್ಲಿ ಹನ್ನೆರಡೂವರೆ ಆಯಿತು. ಅಷ್ಟರಲ್ಲಿ, ಸಾಮಾನು ಇಳಿಸಿಕೊಳ್ಳಲೆಂದು ರಜೆ ಹಾಕಿದ್ದ ಗಾನಶ್ರೀಯ ಫೋನು ಬಂತು. ಹಾಸಿಗೆ ಮನೆಗೆ ಬಂದು ತಲುಪಿದೆ, ಊಟಕ್ಕೆ ಬಂದ ಪಂಚಮಿ ಮತ್ತೆ ಶಾಲೆಗೆ ಹೋಗಲು ಒಪ್ಪದೆ ಅದರ ಮೇಲೆ ಮಲಗಿಕೊಂಡು ಕಾಯುತ್ತಿದ್ದಾಳೆ ಎಂದಳು. ಯಜ್ಞನಾರಾಯಣ ಫೋನಿಟ್ಟವನೇ, ಮೂರೂ ಷರತ್ತನ್ನು ಇದ್ದ ಹಾಗೆಯೇ ನಿಯಮದೊಳಗೆ ಸೇರಿಸಿಬಿಡೋಣ ಎಂದ. ನೀರು ಬೀಳುವಲ್ಲಿಂದ ಅಳತೆ, ಪಿಕಪ್ ತಿರುಗುವಷ್ಟು ಜಾಗ, ಶೀಟಿಲ್ಲದ ತಾರಸಿ, ಮರೆಯಾಗದ ಗುಡ್ಡ.

ಯಾರಿಗೂ ಸೋಲಾಗದ ಈ ಉಪಾಯ ಮೂವರಿಗೂ ಹಿಡಿಸಿತು. ಪರಮೇಶ್ವರಪ್ಪನವರು ಮಾತ್ರ ಅನುಮಾನದಿಂದ ನೋಡಿದರು.

"ಎಲ್ಲಾ ಸರಿ ಇಂಜಿನಿಯರ್ರೆ. ಅಂಥ ಕಟ್ಟಡ ಲೋಕದಲ್ಲಿ ಎಲ್ಲಾದ್ರೂ ಇದ್ಯಾ? ನಾಳೆ ಜನ ನಗಬಾರ್ದು ನೋಡಿ."

ಯಜ್ಞನಾರಾಯಣ ಫೋನಿನಲ್ಲಿ ಹುಡುಕಿದ. ದಸರಾ ರಜೆಯಲ್ಲಿ ಹೆಂಡತಿ ಮಗಳನ್ನು ಕಳಸಕ್ಕೆ ಕರೆಸಿಕೊಂಡು ಕುದುರೆಮುಖಕ್ಕೆ ಹೋಗಿದ್ದಾಗ, ಗಣಿ ನಿಂತ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸೊಂದರ ಮುಂದೆ ಪಂಚಮಿಯನ್ನು ನಿಲ್ಲಿಸಿ ತೆಗೆದ ಫೋಟೋ ಇತ್ತು. ಆ ಮನೆಯ ಸುತ್ತ ಬೇಕಾದಷ್ಟು ಜಾಗ. ಮುಂದೆ ಗಣಿಯ ಲಾರಿಯೇ ತಿರುಗುವಷ್ಟು ರಸ್ತೆ. ಮೇಲೆ ಶೀಟಿಲ್ಲ. ನಾಲ್ಕೂ ದಿಕ್ಕಿಗೆ ಗುಡ್ಡ, ಮರೆಮಾಡಲು ಎದುರು ಮನೆಯಲ್ಲಿ ಯಾರೂ ಇಲ್ಲ. ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಅದನ್ನು ಪ್ರಿಂಟ್ ತೆಗೆಸಿ, ಕೊನೆಯ ಹಾಳೆಗೆ ಅಂಟಿಸಿ, ಕೆಳಗೆ ತನ್ನ ಕೈಯಾರೆ ಬರೆದ: 'ಮಾದರಿ: ಕುದುರೆಮುಖದ ಕ್ವಾರ್ಟರ್ಸ್. ಎಲ್ಲ ನಿಯಮಗಳಿಗೂ ಹೊಂದುತ್ತದೆ ಎಂದು ದೃಢೀಕರಿಸಿದೆ.' ಸಹಿ, ಮೊಹರು ಎರಡೂ ಹಾಕಿದ. ಮೂವರೂ ಫೋಟೋ ನೋಡಿ ಮಗು ಮುದ್ದಾಗಿದೆ ಎಂದರು.

ಊಟಕ್ಕೆ ಕಡುಬು. ಕಡುಬು ತಿಂದವರು ಕೂಡಲೇ ಸಹಿ ಹಾಕುವ ಸ್ಥಿತಿಯಲ್ಲಿರುವುದಿಲ್ಲ. ಮೂರು ಗಂಟೆಗೆ ಮತ್ತೆ ಕೂತಾಗ ಪೆನ್ನಿನ ಮುಚ್ಚಳ ತೆಗೆದ ಸುಭದ್ರಮ್ಮನವರಿಗೆ ಹೊಸ ಸಂಶಯ ಬಂತು. ತಾವು ಸಹಿ ಹಾಕಿ ನಿಯಮ ಪಾಲಿಸುವುದು, ಚಿಕ್ಕಮಗಳೂರಿನವರು ಸಹಿ ಹಾಕಿ ಶೀಟು ಹಾಕಿಕೊಳ್ಳುವುದು, ಹೀಗಾದರೆ ಏನು ಗತಿ? ಶಾಂತಕುಮಾರಿ ಮೇಡಂ ಅವರಿಗೆ ಮೂಡಿಗೆರೆಯ ಮೇಲೆ ಅದೇ ಸಂಶಯವಿತ್ತು. ಪರಮೇಶ್ವರಪ್ಪನವರಿಗೆ ಇಬ್ಬರ ಮೇಲೂ ಇತ್ತು. ಪೆನ್ನಿನ ಮುಚ್ಚಳಗಳು ಒಂದೊಂದಾಗಿ ವಾಪಸು ಕೂತವು.

ಯಜ್ಞನಾರಾಯಣ ಬಾಯಿ ತೆರೆಯುವಷ್ಟರಲ್ಲಿ ಬಣಕಲ್ ಕಡೆಯಿಂದ ಕಪ್ಪು ಮೋಡವೊಂದು ಎದ್ದಿತು. ಕಾಫಿ ಬೆಳೆಯುವವರ ಮುಂದೆ ಫೆಬ್ರವರಿಯ ಮೋಡ ಎದ್ದರೆ ಸಭೆ, ಮರ್ಯಾದೆ, ವಯಸ್ಸು ಯಾವುದೂ ಉಳಿಯುವುದಿಲ್ಲ. ಪರಮೇಶ್ವರಪ್ಪನವರು ಪಂಚೆ ಎತ್ತಿ ಕಟ್ಟಿ ಕಣಕ್ಕೆ ಹಾರಿದರು. ಆಳುಗಳು ತೋಟದ ಕೆಳಗಿನ ತುದಿಯಲ್ಲಿದ್ದರು. ಸುಭದ್ರಮ್ಮನವರೂ ಮೂರೆಕರೆ ಕಾಫಿಯವರೇ, ಅವರೂ ಓಡಿದರು. ಓಡುವುದನ್ನು ವಿರೋಧಿಸುತ್ತಾ ಶಾಂತಕುಮಾರಿ ಮೇಡಂ ಕೂಡ ಓಡಿದರು.

ಯಜ್ಞನಾರಾಯಣ ಕಡತವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಮರದ ಹಲಗೆ ಹಿಡಿದು, ಜನ್ಮದಲ್ಲೇ ಎಳೆಯದಷ್ಟು ಕಾಫಿ ಎಳೆದು ಗುಡ್ಡೆ ಹಾಕಿದ. ನಾಲ್ವರೂ ನಾಲ್ಕು ಮೂಲೆ ಹಿಡಿದು ಟಾರ್ಪಾಲ್ ಎಳೆದರು. ಅದು ಗಾಳಿಗೆ ಎದ್ದು ಬಂದು ಅವನನ್ನೇ ಒಳಗೆ ಹಾಕಿಕೊಂಡಿತು. ಆ ಕತ್ತಲಲ್ಲಿ, ಹುಳಿ ವಾಸನೆಯ ಕಾಫಿ ಗುಡ್ಡೆಯ ಮೇಲೆ ಬೋರಲು ಬಿದ್ದಾಗ, ಅವನಿಗೆ ತನ್ನ ಜೀವನದ ಅತ್ಯುತ್ತಮ ವಿಚಾರ ಹೊಳೆಯಿತು. ತಲೆ ಹೊರಗೆ ಹಾಕಿದ.

"ಒಂದು ನಿಯಮ ಸೇರಿಸೋಣ. ಇದನ್ನ ಜಾರಿ ಮಾಡೋ ಮುಖ್ಯ ಕಚೇರಿನೇ ಮೊದಲು ಈ ಎಲ್ಲ ನಿಯಮಕ್ಕೂ ಹೊಂದೋ ಕಟ್ಟಡದಲ್ಲಿ ಇರಬೇಕು. ಇಲ್ಲಾಂದ್ರೆ ಯಾರ ಮೇಲೂ ಜಾರಿ ಮಾಡೋ ಹಾಗಿಲ್ಲ. ಆಗ ನಿಮಗೆ ನಂಬಿಕೆ ಬರ್ತದಲ್ವಾ?"

ಸರ್ಕಾರದವರೇ ಮೊದಲು ಸಿಕ್ಕಿಕೊಳ್ಳುವ ನಿಯಮ ಎಂದರೆ ಯಾರಿಗೆ ಬೇಡ. ಟಾರ್ಪಾಲಿನ ಮೂಲೆ ಬಿಡದೆ ಮೂವರೂ ಒಪ್ಪಿದರು. ಯಜ್ಞನಾರಾಯಣ ಕಾಫಿ ಗುಡ್ಡೆಯ ಮೇಲೆ ಕಡತ ಬಿಡಿಸಿ ಹೊಸ ನಿಯಮ ಬರೆದ. ಶಾಂತಕುಮಾರಿ ಮೇಡಂ ಅದರಲ್ಲಿ ಎರಡು ಕಡೆ ಕೆಂಪು ಗೆರೆ ಎಳೆದು, ಕೆಂಪು ಪೆನ್ನಲ್ಲೇ ಸಹಿ ಹಾಕಿದರು. ಪರಮೇಶ್ವರಪ್ಪನವರ ಸಹಿಯ ಜೊತೆ ಒಂದು ಕಾಫಿ ಸಿಪ್ಪೆಯೂ ಅಂಟಿತು. ಸುಭದ್ರಮ್ಮನವರು ತಲೆಯೆತ್ತಿ ನೋಡಿ, ಮೋಡ ಚಾರ್ಮಾಡಿ ಕಡೆ ಹೋಯಿತೆಂದರು. ಒಂದು ಹನಿಯೂ ಬೀಳಲಿಲ್ಲ. ಟಾರ್ಪಾಲ್ ತೆಗೆದು ಕಾಫಿಯನ್ನು ಮತ್ತೆ ಹರವಬೇಕಾಯಿತು.

ಕೆಳಗೆ ಮಾತಾಡಲಷ್ಟೇ ಸಾಕು, ಫೋಟೋ ಹೋಗುವಷ್ಟು ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ ಎಂದು ರೈಟರ್ ಹೇಳಿದ. ಯಜ್ಞನಾರಾಯಣ ಏಣಿ ಹತ್ತಿ, ಒಂದೊಂದು ಪುಟದ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದ. ಕೊನೆಯ ಪುಟ ಹೋದಾಗ ಗಂಟೆ ನಾಲ್ಕು ಐವತ್ತೇಳು. ಅಲ್ಲೇ ಕೂತು ಗಾನಶ್ರೀಗೆ ಫೋನು ಮಾಡಿ, ಆಯ್ತು ಎಂದಷ್ಟೇ ಹೇಳಿದ. ಆ ಕಡೆ ಪಂಚಮಿ, ಬುಧವಾರವೂ ಬರ್ತೀಯಾ ಎಂದು ಕೇಳಿದಳು. ಬುಧವಾರವೂ ಇರ್ತೀನಿ, ಗುರುವಾರವೂ ಇರ್ತೀನಿ ಎಂದ.

ಆರು ಗಂಟೆಗೆ, ಬಣಕಲ್‌ನಲ್ಲಿ ಚಿಕ್ಕಮಗಳೂರಿನ ಬಸ್ಸಿಗೆ ಬಿಡುತ್ತೇನೆಂದ ಸುಭದ್ರಮ್ಮನವರ ಜೀಪು ಹತ್ತುವಾಗ ಸಾಹೇಬರ ಫೋನು ಬಂತು. ದನಿಯಲ್ಲಿ ಸಂತೋಷವೋ ಸಂತೋಷ. ಮೇಲಿನವರು ಒಪ್ಪಿದ್ದಾರೆ, ಮುಖ್ಯ ಕಚೇರಿ ಮಂಜೂರಾಗಿದೆ, ಸೋಮವಾರವೇ ಹಾಜರಾಗಬೇಕು ಎಂದರು. ಯಜ್ಞನಾರಾಯಣ, ಸೋಮವಾರ ಒಂಬತ್ತೂವರೆಗೇ ಮಹಡಿ ಹತ್ತುತ್ತೇನೆ ಎಂದ.

"ಮಹಡಿ ಆಗಲ್ಲಪ್ಪ. ನಮ್ಮ ತಾರಸಿ ಮೇಲೆ ಶೀಟಿದೆಯಲ್ಲ. ನಾನೇ ಟೇಪ್ ಹಿಡಿದು ಅಳೆದೆ, ಸೂರಿನ ನೀರೂ ರಸ್ತೆಗೆ ಬೀಳುತ್ತೆ. ಚಿಕ್ಕಮಗಳೂರಲ್ಲಿ ಒಂದು ಕಟ್ಟಡನೂ ಹೊಂದಲ್ಲ. ಮೂಡಿಗೆರೆ, ಕಳಸಕ್ಕೂ ಫೋನ್ ಮಾಡಿ ಕೇಳ್ದೆ, ಅಲ್ಲೂ ಇಲ್ಲ. ತಲೆ ಕೆಟ್ಟುಹೋಗಿತ್ತು. ಆಮೇಲೆ ನಿಮ್ಮ ಕೊನೇ ಹಾಳೆ ನೋಡಿದೆ."

ಯಜ್ಞನಾರಾಯಣ ಜೀಪಿನ ಬಾಗಿಲು ಹಿಡಿದುಕೊಂಡ.

"ನೀವೇ ದೃಢೀಕರಿಸಿದ್ದೀರಿ, ಮೊಹರೂ ಇದೆ. ನಿಮ್ಮ ಸದಸ್ಯರನ್ನೂ ಈಗಷ್ಟೇ ಕೇಳಿದೆ. ಎಂಟು ಸಭೆಯಲ್ಲಿ ಮೊದಲನೇ ಸಲ ಮೂವರೂ ಒಂದೇ ಜಾಗಕ್ಕೆ ಒಪ್ಪಿದರು, ಯಾಕಂದ್ರೆ ಕುದುರೆಮುಖ ಮೂವರಲ್ಲಿ ಯಾರ ಊರೂ ಅಲ್ಲ. ಮುಖ್ಯ ಕಚೇರಿಗೆ ಹಾಕ್ತೀನಿ ಅಂದಿದ್ದೆ, ಹಾಕಿದ್ದೀನಿ. ಜಾಗ ಚೆನ್ನಾಗಿದೆ ಕಣ್ರಿ, ಮಗು ಫೋಟೋದಲ್ಲಿ ಎಷ್ಟು ಖುಷಿಯಾಗಿದೆ ನೋಡಿ."

ಮುಂದಿನ ಸೀಟಿನಲ್ಲಿದ್ದ ಸುಭದ್ರಮ್ಮನವರು ತಿರುಗಿ, ಕುದುರೆಮುಖದಲ್ಲಿ ಮಳೆಗಾಲಕ್ಕೆ ರಕ್ತ ಹೀರುವ ಇಂಬಳ ಜಾಸ್ತಿ, ಉಪ್ಪು ಇಟ್ಟುಕೊಂಡಿರಿ ಎಂದು ಪ್ರೀತಿಯಿಂದ ಹೇಳಿದರು. ಅವನು ಖಾಲಿ ಮಾಡಿದ ಕೋಣೆಗೆ ಮಧ್ಯಾಹ್ನವೇ ಬೇರೆ ಯಾರೋ ಬಂದರೆಂಬ ಸುದ್ದಿಯನ್ನೂ ಸೇರಿಸಿದರು.

ಯಜ್ಞನಾರಾಯಣ ಮನೆಗೆ ಫೋನು ಮಾಡಿದ. ವಿಷಯ ತಿಳಿದ ಗಾನಶ್ರೀ, ಶನಿವಾರ ಕಚೇರಿ ಮುಗಿಸಿ ಕುದುರೆಮುಖದಿಂದ ಹೊರಟರೆ ಕಳಸದಲ್ಲಿ ಚಿಕ್ಕಮಗಳೂರಿನ ಕೊನೆಯ ಬಸ್ಸು ಸಿಗುತ್ತದೆಯೇ ಎಂದು ಕೇಳಿದಳು. ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೊನೆಗೆ ಫೋನನ್ನು ಪಂಚಮಿ ಕಸಿದುಕೊಂಡಳು. ಹಾಸಿಗೆಯ ಮೇಲಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹಾಗಾದ್ರೆ ಅಪ್ಪ, ಇನ್ಮೇಲೆ ನೀನು ಭಾನುವಾರದ ಅಪ್ಪನಾ?" ಎಂದು ಕೇಳಿದಳು.