ಭಾಗ್ಯಳ ಸೈಕಲ್ಲಿಗೆ ಮೂವರು ಗುರುಗಳು

ಭಾನುವಾರ ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಸದ್ದಿಲ್ಲದೆ ಹೊರಗೆ ಬರಬೇಕೆಂದು ಭಾಗ್ಯ ಅಂದುಕೊಂಡಿದ್ದಳು. ಆದರೆ ಗೇಟು ಕಿರ್ರೆಂದಿತು. ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಒಂದು ಗೇಟು ಕಿರ್ರೆಂದರೆ ನಾಲ್ಕು ಕಿಟಕಿ ತೆರೆಯುತ್ತವೆ.

"ಏನಮ್ಮ ಭಾಗ್ಯ, ಈ ವಯಸ್ಸಲ್ಲಿ ಸೈಕಲ್ಲಾ?" ಎಂದು ಎದುರುಮನೆಯ ಪರಮಶಿವಯ್ಯನವರು ಜಗಲಿಯಿಂದಲೇ ವಿಚಾರಿಸಿಕೊಂಡರು.

"ಸಾಯಂಕಾಲ ಮಹಿಳಾ ಸಂಘದ್ದು ರೇಸ್ ಇದೆಯಲ್ಲ ಸಾರ್, ಸುಮ್ನೆ ಹೆಸ್ರು ಕೊಟ್ಟಿದೀನಿ."

ಸುಮ್ಮನೆ ಏನೂ ಅಲ್ಲ. ಓಕಳಿಪುರಂನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಭಾಗ್ಯಳನ್ನು ಗಂಡ ಮೂರ್ತಿ ದಿನಾ ಸ್ಕೂಟರಿನಲ್ಲಿ ಬಿಡುತ್ತಿದ್ದ. ಬಿಡುವುದೇನೋ ಸರಿ, ದಾರಿಯುದ್ದಕ್ಕೂ ಉಪದೇಶ. ಸಾರಿಗೆ ಉಪ್ಪು ಎಷ್ಟು ಹಾಕಬೇಕು, ತವರಿಗೆ ಎಷ್ಟು ಹೊತ್ತು ಫೋನ್ ಮಾಡಬೇಕು, ಎಲ್ಲವೂ ಹೆಲ್ಮೆಟ್ಟಿನೊಳಗಿಂದ ಬಾವಿಯ ಕಪ್ಪೆಯಂತೆ ಕೇಳಿಸುತ್ತಿತ್ತು. "ಏನಂದ್ರಿ?" ಎಂದರೆ ಮತ್ತೆ ಮೊದಲಿಂದ. ಸ್ವಂತಕ್ಕೊಂದು ಸೈಕಲ್ ಇದ್ದರೆ ಈ ಕಾಟ ತಪ್ಪುತ್ತದೆಂದು ಅವಳು ಲೆಕ್ಕ ಹಾಕುತ್ತಿರುವಾಗಲೇ ರಸ್ತೆ ತಿರುವಿನಲ್ಲಿ ಬ್ಯಾನರ್ ಕಂಡಿತ್ತು: ವೇಗದ ರೇಸ್, ನಿಧಾನದ ರೇಸ್, ನೀರಿನ ಕೊಡದ ರೇಸ್. ಒಬ್ಬರು ಒಂದಕ್ಕೆ ಮಾತ್ರ ನಿಲ್ಲಬಹುದು, ಮೂರಕ್ಕೂ ಮೊದಲ ಬಹುಮಾನ ಸೈಕಲ್! ಹೈಸ್ಕೂಲಿನಲ್ಲಿ ಹುಡುಗರನ್ನೇ ಹಿಂದೆ ಹಾಕಿದ್ದ ಭಾಗ್ಯ ವೇಗದ ರೇಸೇ ಸರಿ ಎಂದು ನಿರ್ಧರಿಸಿ, ಸಹೋದ್ಯೋಗಿ ಶಿವರಂಜಿನಿಯ ಸೈಕಲ್ ಕೇಳಿ ತಂದಿದ್ದಳು.

"ಸುಮ್ನೆ ಹೆಸ್ರು ಕೊಟ್ರೆ ಆಯ್ತಾ ಅಕ್ಕಾ? ಪ್ರಿಪರೇಷನ್ ಬೇಡ್ವಾ?" ಎನ್ನುತ್ತ ಪಕ್ಕದ ಮನೆಯ ಚಿದಂಬರ ಬಂದ. ಬಿಗಿಯಾದ ಚಡ್ಡಿ, ಜೀರುಂಡೆಯಂಥ ಕನ್ನಡಕ. ಪ್ರತಿ ಭಾನುವಾರ ದೋಸೆ ಹೋಟೆಲಿನವರೆಗೆ ಸೈಕಲ್ ಹೊಡೆದು ಫೋಟೋ ಹಾಕುವವನು. "ಸ್ಪೀಡ್ ಬೇಕಂದ್ರೆ ವೆಯ್ಟ್ ಇಳೀಬೇಕು. ಕೊಡಿ ಇಲ್ಲಿ."

ಕಣ್ಣು ಮುಚ್ಚಿ ಬಿಡುವುದರೊಳಗೆ ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು ಎಲ್ಲ ನೆಲದ ಮೇಲೆ. ಸೈಕಲ್ಲು ಉಣ್ಣೆ ಕತ್ತರಿಸಿದ ಕುರಿಯಂತೆ ನಿಂತಿತು.

"ಅಯ್ಯೋ, ಅದು ಶಿವರಂಜಿನೀದು ಕಣಪ್ಪಾ! ನಾಳೆ ವಾಪಸ್ ಕೊಡ್ಬೇಕು!"

"ಫಿಟ್ ಮಾಡಿಕೊಡ್ತೀನಿ ಬಿಡಿ. ಒಂದು ರೌಂಡ್ ಹೊಡೀರಿ."

ಮನೆಗಳ ಮುಂದೆ ಆಗಷ್ಟೇ ನೀರು ಹಾಕಿದ್ದರು. ಮಡ್‌ಗಾರ್ಡಿಲ್ಲದ ಚಕ್ರ ಭಾಗ್ಯಳ ಬೆನ್ನಿಗೆ ಕೆಸರಿನದೊಂದು ಎರಡನೇ ಜಡೆ ಹೆಣೆಯಿತು. ಬೆಲ್ಲು ಇಲ್ಲದ್ದರಿಂದ ಅವಳು ಬಾಯಲ್ಲೇ "ಟ್ರಿಣ್! ಟ್ರಿಣ್!" ಎಂದು ಕೂಗುತ್ತ ಹೋದಳು. ಸೊಪ್ಪು ಮಾರುವವಳು ಗಾಬರಿಯಿಂದ ಗೋಡೆಗೆ ಒತ್ತಿಕೊಂಡು, "ಏನವ್ವಾ, ಮೈಮೇಲೆ ಬಂದದಾ?" ಎಂದು ಕೈಮುಗಿದಳು.

ತಿರುಗಿ ಬಂದರೆ ಪರಮಶಿವಯ್ಯನವರ ಹೆಂಡತಿ ಗುರುಬಸಮ್ಮ ಹಿತ್ತಾಳೆ ಕೊಡ ಹಿಡಿದು ನಿಂತಿದ್ದರು.

"ಸ್ಪೀಡು ಗೀಡು ಬೇಡ ತಾಯಿ, ಬಿದ್ದು ಹಲ್ಲು ಮುರ್ಕೋತೀಯ. ಕೊಡದ ರೇಸಿಗೆ ನಿಂತ್ಕೋ. ಕೊಡ ನಂದೇ ತಗೋ."

ಚಿದಂಬರ ಗೊಣಗುತ್ತ ಕ್ಯಾರಿಯರ್ ಮತ್ತೆ ಜೋಡಿಸಿದ. ತುಂಬಿದ ಕೊಡ ಕಟ್ಟಿದ್ದಾಯಿತು. ಭಾಗ್ಯ ಎರಡು ಸಲ ಪೆಡಲ್ ತುಳಿದದ್ದೇ ತಡ, ಕೊಡ ವಾಲಿ, ಜಗಲಿಯಲ್ಲಿದ್ದ ಪರಮಶಿವಯ್ಯನವರಿಗೆ ಪೇಪರ್ ಸಮೇತ ಅಭಿಷೇಕವಾಯಿತು.

"ನಿನಗೆ ಸಮಾಧಾನ ಇಲ್ಲಮ್ಮ," ಎಂದರು ಅವರು ಪಂಚೆ ಹಿಂಡುತ್ತ. "ಅದನ್ನ ಕಲೀಬೇಕಂದ್ರೆ ನಿಧಾನದ ರೇಸೇ ಸರಿ. ಕೊನೇಲಿ ಬಂದೋರೇ ಗೆಲ್ಲೋದು, ಕಾಲು ಮಾತ್ರ ನೆಲಕ್ಕೆ ಊರಬಾರ್ದು. ನಿಧಾನವೇ ಪ್ರಧಾನ!"

"ನಾನು ಸ್ಪೀಡ್ ರೇಸಿಗೇ ನಿಲ್ಲೋದು ಸಾರ್," ಎಂದಳು ಭಾಗ್ಯ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೂವರು ಗುರುಗಳ ವಾಗ್ವಾದ ಮಧ್ಯಾಹ್ನದವರೆಗೂ ನಡೆಯಿತು. ಕಡೆಗೆ ಗುರುಬಸಮ್ಮ, "ಶಕ್ತಿ ಬೇಕಲ್ಲಮ್ಮ" ಎಂದು ಕೂರಿಸಿ, ತುಪ್ಪ ಸುರಿದು ಕಾಯಿ ಹೋಳಿಗೆ ಬಡಿಸಿದರು. ಸಾಕೆಂದಷ್ಟೂ ಇನ್ನೊಂದು ಬೀಳುತ್ತಿತ್ತು. ಮನೆಗೆ ಬಂದ ಭಾಗ್ಯ ಐದು ನಿಮಿಷ ಅಡ್ಡಾಗೋಣ ಎಂದು ಮಲಗಿದಳು.

"ಏಳೇ! ರೇಸ್ ಶುರುವಾಗಿರುತ್ತೆ!" ಎಂದು ಮೂರ್ತಿ ಅಲುಗಾಡಿಸಿದಾಗ ಬಿಸಿಲು ಇಳಿದಿತ್ತು.

ಓಡಿಬಂದರೆ, ಪರಮಶಿವಯ್ಯನವರು ಸೈಕಲ್ ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. "ಬ್ರೇಕು ಸಡಿಲ ಇತ್ತಮ್ಮ. ಸ್ವಲ್ಪ ಬಿಗಿ ಮಾಡಿದೀನಿ. ಅಪಾಯ ಆಗ್ಬಾರ್ದಲ್ಲ."

ರೇಸಿಗೆ ಮುಂಚೆ ಟೈರು ಬಿಸಿಯಾಗಬಾರದೆಂದು ಚಿದಂಬರ ಸೈಕಲ್ಲನ್ನು ಉತ್ಸವಮೂರ್ತಿಯಂತೆ ಹೆಗಲ ಮೇಲೆ ಹೊತ್ತ. ಎಲ್ಲರೂ ಮೈದಾನ ತಲುಪಿದಾಗ ಸಂಘದ ಇಂಚರಾ ಮೈಕಿನಲ್ಲಿ ಕೂಗುತ್ತಿದ್ದಳು. ಕರಕರ ಸದ್ದಿನ ನಡುವೆ ಭಾಗ್ಯಳಿಗೆ ಕೇಳಿಸಿದ್ದು "ರೇಸ್", "ಕೊನೇ ಕರೆ", "ಬೇಗ ಬನ್ನಿ" ಅಷ್ಟೇ. ಸೈಕಲ್ ಕಸಿದುಕೊಂಡು ಸಾಲಿನಲ್ಲಿ ನಿಂತಳು. ಸೀಟಿ ಊದಿದರು.

ಭಾಗ್ಯ ಮೈಯೆಲ್ಲ ಬಲ ಹಾಕಿ ಪೆಡಲ್ ತುಳಿದಳು. ಸೈಕಲ್ ಹಂದಲೊಲ್ಲದು. ಸಿಲಿಂಡರ್ ಕಟ್ಟಿಕೊಂಡು ಬೆಟ್ಟ ಹತ್ತಿದಂತೆ ಗೇಣುಗೇಣಾಗಿ ತೆವಳಿತು. ಆದರೆ ಓರೆಗಣ್ಣಲ್ಲಿ ನೋಡಿದರೆ ಆಶ್ಚರ್ಯ, ಯಾರೂ ಅವಳಿಗಿಂತ ಹೆಚ್ಚು ಮುಂದೆ ಹೋಗಿಲ್ಲ! ಎಲ್ಲರ ಎದುರುಮನೆಯಲ್ಲೂ ಒಬ್ಬೊಬ್ಬ ಪರಮಶಿವಯ್ಯ ಇರಬೇಕು ಎಂದುಕೊಂಡು ಹಲ್ಲು ಕಚ್ಚಿ ತುಳಿದಳು. ಜನ "ನಿಧಾನ! ನಿಧಾನ!" ಎಂದು ಕಿರುಚಿದರು. ಅಣಕಿಸುತ್ತಿದ್ದಾರೆಂದು ಅವಳಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದಾಕೆ ಓಲಾಡಿ ಕಾಲೂರಿದಳು. ಇನ್ನೊಬ್ಬಳು "ಅಯ್ಯಮ್ಮಾ" ಎಂದು ಮಗ್ಗುಲಿಗೆ ಬಿದ್ದಳು. ಪಾಪ, ಸುಸ್ತು. ಇಬ್ಬರು ಮಾತ್ರ ಗೆರೆ ದಾಟಿ, ಅದೇಕೋ ಮುಖ ಸಪ್ಪೆ ಮಾಡಿಕೊಂಡರು. ಎಲ್ಲರಿಗಿಂತ ಹಿಂದೆ ತಲುಪಿದ ಭಾಗ್ಯ ಸೈಕಲ್ ಬಿಟ್ಟು ನೆಲದ ಮೇಲೆ ಕುಸಿದಳು.

ತಮಟೆ ಮೊಳಗತೊಡಗಿತು.

"ನಿಧಾನದ ರೇಸಿನ ಚಾಂಪಿಯನ್, ಭಾಗ್ಯಾ ಅವ್ರು!" ಎಂದಳು ಇಂಚರಾ. "ಅಬ್ಬಾ, ಏನ್ ಕಂಟ್ರೋಲು!"

ವೇಗದ ರೇಸು ಅವಳು ನಿದ್ದೆಯಲ್ಲಿದ್ದಾಗಲೇ ಮುಗಿದುಹೋಗಿತ್ತು. ಪರಮಶಿವಯ್ಯನವರು "ನನ್ನ ಶಿಷ್ಯೆ" ಎಂದು ಗುರುತಿಲ್ಲದವರಿಗೂ ಹೇಳುತ್ತಿದ್ದರು. ಭಾಗ್ಯ ತಿದ್ದಲು ಹೋಗಲಿಲ್ಲ. ಯಾವ ರೇಸಾದರೇನು, ಸೈಕಲ್ ಸೈಕಲ್ಲೇ! ನಾಳೆ ಮೂರ್ತಿ ಖಾಲಿ ಹಿಂದಿನ ಸೀಟಿಗೆ ಉಪದೇಶ ಮಾಡಿಕೊಂಡು ಹೋಗಲಿ ಎಂದು ಒಳಗೊಳಗೇ ನಕ್ಕಳು.

ವೇಗದ ರೇಸು ಗೆದ್ದವಳಿಗೆ ಕೆಂಪು ಬಣ್ಣದ ಗೇರ್ ಸೈಕಲ್ ಕೊಟ್ಟರು. ಆಮೇಲೆ ಇಬ್ಬರು ಗಂಡಸರು ಏದುಸಿರು ಬಿಡುತ್ತ ಭಾಗ್ಯಳ ಬಹುಮಾನದ ಸೈಕಲ್ಲನ್ನು ಹೊತ್ತು ತಂದಿಳಿಸಿದರು. ಹ್ಯಾಂಡಲ್ ಇತ್ತು, ಸೀಟಿತ್ತು, ಪೆಡಲ್ಲೂ ಇತ್ತು. ಚಕ್ರ ಇರಲಿಲ್ಲ.

"ಜಿಮ್ಮಿನವರ ಕೊಡುಗೆ, ವ್ಯಾಯಾಮದ ಸೈಕಲ್!" ಎಂದಳು ಇಂಚರಾ ಹೆಮ್ಮೆಯಿಂದ. "ಇದಕ್ಕಿಂತ ನಿಧಾನವಾದ ಸೈಕಲ್ ಪ್ರಪಂಚದಲ್ಲೇ ಇಲ್ಲ!"

"ಒಳ್ಳೇದೇ ಆಯ್ತು ಬಿಡೇ," ಎಂದ ಮೂರ್ತಿ. "ಬೆಳಿಗ್ಗೆ ಎದ್ದು ಇದನ್ನ ತುಳಿ. ಆಮೇಲೆ ನಾನೇ ಸ್ಕೂಟರಲ್ಲಿ ಆಫೀಸಿಗೆ ಬಿಡ್ತೀನಿ."

ಅದನ್ನು ಸಾಗಿಸಲು ಕರೆದ ಲಗೇಜ್ ಆಟೋದ ಮುನಿಸ್ವಾಮಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, ಲೊಚಗುಟ್ಟಿದ.

"ಎರಡು ಚಕ್ರಾನೂ ಹೊಡ್ಕೊಂಡೋಗವ್ರಲ್ಲಕ್ಕಾ! ಕಂಪ್ಲೇಂಟ್ ಕೊಟ್ರಾ?"